ನಾನು ಯಾವ ಕಡೆ ಸರಿದೆ

ಸೈಕಲ್ ತುಳಿಯುವುದೇ ನನ್ನ ಉದ್ಯೋಗವಾಗಿದ್ದ ಹನ್ನೆರಡು ವರ್ಷಗಳಲ್ಲಿ ಆ ಮಾತು ನನ್ನ ವೀಸಾದ ಮೇಲೆ ಒಮ್ಮೆಯೂ ಬರಲಿಲ್ಲ. ಅಲ್ಲಿ ಇದ್ದದ್ದು ಸ್ಟೋರ್ ಕೀಪರ್ ಎಂದು. ಕುವೈತಿನ ಯುದ್ಧ ಮುಗಿದ ವರ್ಷ ದುಬೈಗೆ ಹೋದೆ. ಇರಾಕಿನ ಯುದ್ಧ ಶುರುವಾದ ತಿಂಗಳಲ್ಲಿ ನನ್ನ ರೇಸು ಮುಗಿಯಿತು. ನಡುವಿನ ಕಾಲಕ್ಕೆ ಸಾಕ್ಷಿಗಳಿವೆ: ಗೆದ್ದು ತಂದ, ಈಗ ಬಣ್ಣ ಹೋದ ಕೆಲವು ಕಪ್ಪುಗಳು, ಮೊಣಕೈಯ ಮೇಲೆ ಡಾಂಬರು ಕೆರೆದ ಕಲೆ, ಬಲಗಾಲಿನ ಮೀನಖಂಡದಲ್ಲಿ ಹಲ್ಲುಚಕ್ರ ಕೂತ ಗುರುತು. ಸಾಕ್ಷಿ ಇಲ್ಲದೆ ಉಳಿದದ್ದು ಒಂದು ಶುಕ್ರವಾರದ ಬೆಳಗ್ಗೆ, ಅದರಲ್ಲೂ ಎರಡು ಮೂರು ಕ್ಷಣ. ಆ ಕ್ಷಣಗಳಲ್ಲಿ ನಾನು ಎಡಕ್ಕೆ ಸರಿದೆನೋ ಬಲಕ್ಕೆ ಸರಿದೆನೋ ಎಂಬುದರ ಮೇಲೆ ಇನ್ನೊಬ್ಬನ ಅನ್ನ ನಿಂತಿತ್ತು. ಅದು ನನಗೆ ಗೊತ್ತಿಲ್ಲ ಎಂದುಕೊಂಡೇ ಒಂಬತ್ತು ವರ್ಷ ಕಳೆದೆ.

ನನ್ನನ್ನು ಕರೆಸಿಕೊಂಡವರು ಭಟ್ಕಳದ ಒಬ್ಬ ನವಾಯತ ಸಾಹೇಬರು. ದುಬೈಯ ದೇರಾ ಪೇಟೆಯಲ್ಲಿ ಅವರಿಗೆ ಸೈಕಲ್ ಮತ್ತು ಬಿಡಿಭಾಗಗಳ ಸಗಟು ಅಂಗಡಿಯಿತ್ತು. ವ್ಯಾಪಾರ ಬುದ್ಧಿ ಇದ್ದ ಆ ಮನುಷ್ಯನಿಗೆ ಒಂದೇ ಒಂದು ಲಾಭವಿಲ್ಲದ ಹುಚ್ಚು, ರೇಸು. ಗಲ್ಲಾದ ಎದುರಿನ ಗೋಡೆಗೆ ಒಂದು ಹಳೆಯ ಫೋಟೋ ತೂಗುಹಾಕಿದ್ದರು. ಯುರೋಪಿನ ಯಾವನೋ ರೇಸ್ ಸವಾರ, ಎರಡು ಮಹಾಯುದ್ಧಗಳ ನಡುವಿನ ಕಾಲದವನು, ಎರಡು ಟೈರುಗಳನ್ನು ಜನಿವಾರದ ಹಾಗೆ ಎದೆಗೆ ಅಡ್ಡ ಹಾಕಿಕೊಂಡಿದ್ದ. ಮುಖದ ತುಂಬ ಧೂಳು. ಹೆಸರು ಸಾಹೇಬರಿಗೂ ಗೊತ್ತಿರಲಿಲ್ಲ. ಆದರೆ ಅವನ ಕಥೆ ಮಾತ್ರ ಅವರು ಅಳುಕಿಲ್ಲದೆ ಹೇಳುತ್ತಿದ್ದರು: ಸೈಕಲ್ ಕಾರ್ಖಾನೆಯವರೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರಂತೆ, ಪಂಕ್ಚರ್ ಆದರೆ ಯಾರೂ ಮುಟ್ಟುವಂತಿರಲಿಲ್ಲವಂತೆ, ತಾನೇ ಹಲ್ಲಿನಿಂದ ಟೈರು ಕಿತ್ತು ಹೊಸದು ಹಾಕಿಕೊಳ್ಳುತ್ತಿದ್ದನಂತೆ. ಇದಕ್ಕೆಲ್ಲ ಆಧಾರವೇನು ಎಂದು ನಾನು ಹೊಸದರಲ್ಲಿ ಕೇಳಿದ್ದೆ. ಅವತ್ತಿನಿಂದ ಅವರು ನನ್ನನ್ನು ಮಾಸ್ಟ್ರೆ ಎಂದೇ ಕರೆದರು.

ಹಾಗೆ ಕರೆಯಲು ಇನ್ನೊಂದು ಕಾರಣವೂ ಇತ್ತು. ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದವನು. ಊರು ವಿಜಾಪುರದ ಹತ್ತಿರ. ನಮ್ಮ ಕಡೆ ಸೈಕಲ್ ರೇಸೆಂದರೆ ಕುಸ್ತಿಯಷ್ಟೇ ಮರ್ಯಾದೆ. ಹತ್ತನೇ ವಯಸ್ಸಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಎದುರುಗಾಳಿಯಲ್ಲಿ ತುಳಿದವರು ಇಪ್ಪತ್ತಕ್ಕೆ ರಾಜ್ಯಮಟ್ಟದ ರೇಸಿನಲ್ಲಿ ನಿಲ್ಲುತ್ತಿದ್ದರು. ನಾನು ವಿಶ್ವವಿದ್ಯಾಲಯದ ತಂಡದಲ್ಲಿದ್ದೆ. ಹಾಸ್ಟೆಲಿನಲ್ಲಿ ಸಾಹೇಬರ ಸಂಬಂಧಿಕನೊಬ್ಬ ಇದ್ದ. ಅವನ ಬಾಯಿಂದ ಸುದ್ದಿ ದುಬೈ ಮುಟ್ಟಿತು. ಪಾಠ ಹೇಳುವ ಕೆಲಸ ಸಿಗದೆ ಎರಡು ವರ್ಷ ಕಾದಿದ್ದೆ. ವೀಸಾ ಬಂದಾಗ ಎರಡನೇ ಸಲ ಯೋಚಿಸಲಿಲ್ಲ.

ಕರಾರು ಸರಳವಾಗಿತ್ತು. ಬೆಳಗ್ಗೆ ತಾಲೀಮು, ಮಧ್ಯಾಹ್ನದಿಂದ ಸ್ಟೋರು, ಚಳಿಗಾಲದ ಶುಕ್ರವಾರಗಳಲ್ಲಿ ರೇಸು. ಅಂಗಿಯ ಬೆನ್ನಿನ ಮೇಲೆ ಅಂಗಡಿಯ ಹೆಸರು. ಎದುರಾಳಿಗಳೆಂದರೆ ಸ್ಥಳೀಯ ಕ್ಲಬ್ಬುಗಳ ಎಮಿರಾತಿಗಳು, ಎಣ್ಣೆ ಕಂಪನಿಗಳ ಇಂಗ್ಲಿಷ್ ಎಂಜಿನಿಯರುಗಳು, ಮತ್ತೆ ಗಾಳಿಗೆ ಬಗ್ಗದ ಫಿಲಿಪ್ಪೀನಿನವರು. ನಮ್ಮ ತಂಡದಲ್ಲಿ ವೇತನದ ಸವಾರರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಮಂಗಳೂರಿನವನು. ಅವನು ಅಂಗಡಿಯ ಹಿಂದಿನ ವರ್ಕ್‌ಶಾಪಿನಲ್ಲಿ ಚಕ್ರ ಕಟ್ಟುತ್ತಿದ್ದ. ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು, ನನಗಿಂತ ಗಟ್ಟಿ ಸವಾರ. ಇದನ್ನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಬರೆಯಲು ಅಡ್ಡಿಯಿಲ್ಲ.

ಸೈಕಲ್ ರೇಸು ನೋಡದವರಿಗೆ ಒಂದು ವಿಷಯ ಹೇಳಬೇಕು. ಮುಂದಿರುವವನು ಗಾಳಿ ಒಡೆಯುತ್ತಾನೆ, ಹಿಂದಿನವನು ಅವನ ಚಕ್ರಕ್ಕೆ ಗೇಣಿನಷ್ಟು ಹತ್ತಿರ ಅಂಟಿಕೊಂಡು ಉಸಿರು ಉಳಿಸಿಕೊಳ್ಳುತ್ತಾನೆ. ಒಂದೆರಡು ನಿಮಿಷದ ಮೇಲೆ ಮುಂದಿನವನು ಮೊಣಕೈ ಅಲುಗಿಸಿ ಪಕ್ಕಕ್ಕೆ ಸರಿಯುತ್ತಾನೆ. ಹಿಂದಿನವನು ಮುಂದೆ ಬರುತ್ತಾನೆ. ಮಾತಿಲ್ಲ, ಹಿಂತಿರುಗಿ ನೋಡುವುದಿಲ್ಲ. ಯಾವ ಪಕ್ಕಕ್ಕೆ ಎಂಬುದು ಮೊದಲೇ ಗೊತ್ತಿರಬೇಕು, ಯಾಕೆಂದರೆ ಹಿಂದಿನವನು ಆಗಲೇ ಇನ್ನೊಂದು ಪಕ್ಕದಿಂದ ನುಗ್ಗಲು ಹೊರಟಿರುತ್ತಾನೆ. ವಿಜಾಪುರದಲ್ಲಿ ನಮಗೆ ಕಲಿಸಿದವರು ಹೇಳುತ್ತಿದ್ದದ್ದು ಒಂದೇ ಮಾತು: ಮಣ್ಣಿನ ಕಡೆ ಸರಿ, ಲಾರಿ ಕಡೆ ಸರಿಯಬೇಡ. ನಮ್ಮಲ್ಲಿ ಮಣ್ಣು ಎಡಕ್ಕೆ. ದುಬೈಯಲ್ಲಿ ವಾಹನಗಳು ಬಲಗಡೆಯಲ್ಲಿ ಓಡುತ್ತವೆ, ಅಲ್ಲಿ ಮಣ್ಣು ಬಲಕ್ಕೆ. ಬುದ್ಧಿಗೆ ಇದು ಒಂದು ದಿನದಲ್ಲಿ ತಿಳಿಯಿತು. ಮೈಗೆ ತಿಳಿಯಲು ಎಷ್ಟು ಕಾಲ ಬೇಕಾಯಿತೋ, ತಿಳಿಯಿತೋ ಇಲ್ಲವೋ, ನಾನು ಹೇಳಲಾರೆ. ಮೊದಲ ವರ್ಷ ಮೂರು ನಾಲ್ಕು ಸಲ ಎಡಕ್ಕೆ ಸರಿದು ಮಂಗಳೂರಿನವನ ಕೈಲಿ ಬೈಸಿಕೊಂಡಿದ್ದೇನೆ. ಅವನಿಗೆ ಆ ತೊಂದರೆ ಇರಲಿಲ್ಲ. ರೇಸು ಕಲಿತದ್ದೇ ಈ ರಸ್ತೆಗಳ ಮೇಲೆ.

ಸಾಹೇಬರು ಮೊದಲ ದಿನವೇ ತಮ್ಮ ಕಾನೂನು ಹೇಳಿದ್ದರು. ಸೋತರೆ ಬೇಜಾರಿಲ್ಲ, ಪಂಕ್ಚರಾದರೆ ಬೇಜಾರಿಲ್ಲ. ಸಾಲು ಮುರಿದು ಜೊತೆಯವನನ್ನು ಬೀಳಿಸಿದವನಿಗೆ, ಅಥವಾ ಮುಂದಿನವನನ್ನು ನೋಡದೆ ತಾನೇ ಬಿದ್ದವನಿಗೆ ತಮ್ಮ ಸೈಕಲ್ ಮತ್ತೆ ಇಲ್ಲ. ಗಂಟಲು ಏರಿಸದೆ ಹೇಳುತ್ತಿದ್ದರು, ಆದ್ದರಿಂದಲೇ ಹೆದರಿಕೆಯಾಗುತ್ತಿತ್ತು.

ಬಿದ್ದದ್ದು ತೊಂಬತ್ತನಾಲ್ಕರ ಜನವರಿಯ ಒಂದು ಶುಕ್ರವಾರ. ಅವತ್ತು ರೇಸು ಇರಲಿಲ್ಲ, ತಾಲೀಮು ಅಷ್ಟೇ. ಜೆಬೆಲ್ ಅಲಿಯ ಆಚೆ ಅಬುಧಾಬಿ ಕಡೆಗೆ ಹೋಗುವ ರಸ್ತೆಯಲ್ಲಿ ಮಂಜು ಹತ್ತಿಯ ಹಾಗೆ ಕೂತಿತ್ತು. ಬರಬೇಕಿದ್ದ ಇನ್ನಿಬ್ಬರು ಮಂಜು ನೋಡಿ ಬರಲಿಲ್ಲ. ನಾವಿಬ್ಬರೇ ಹೊರಟೆವು. ವಾಪಸ್ ಬರುವಾಗ ಎದುರುಗಾಳಿ ಎದ್ದಿತು. ಸರದಿಯಂತೆ ಮುಂದೆ ಹಿಂದೆ ಆಗುತ್ತ ಬಂದೆವು. ನನಗೆ ಹಿಂದಿನ ದಿನದಿಂದ ಸಣ್ಣ ಜ್ವರವಿತ್ತು, ಹೇಳಿರಲಿಲ್ಲ. ನನ್ನ ಸರದಿ ಮುಗಿಯಿತು. ಮೊಣಕೈ ಅಲುಗಿಸಿದೆ ಅನ್ನಿಸುತ್ತದೆ. ಸರಿದೆ. ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು, ಸೈಕಲ್ ಜಗ್ಗಿತು, ನಾನು ಮರಳಿಗೆ ಹೋಗಿ ನಿಂತೆ. ತಿರುಗಿ ನೋಡಿದರೆ ಅವನು ರಸ್ತೆಯ ಮೇಲಿದ್ದ, ತೊಡೆ ಇರಬಾರದ ರೀತಿಯಲ್ಲಿ ಇತ್ತು.

ಆ ಮರಳು ಯಾವ ಕಡೆಯದು? ರಸ್ತೆ ಜೋಡಿ ರಸ್ತೆ; ಅಂಚಿನಲ್ಲೂ ಮರಳು, ನಡುವಿನ ವಿಭಜಕದಲ್ಲೂ ಮರಳು. ನನ್ನ ಕಣ್ಣ ಮುಂದೆ ಮರಳು ಬರುತ್ತದೆ, ಅದರಲ್ಲಿ ಸೈಕಲಿನ ಮುಂಚಕ್ರ ಹೂತಿರುವುದು ಬರುತ್ತದೆ, ದಿಕ್ಕು ಬರುವುದಿಲ್ಲ.

ಒಂದು ಪಿಕಪ್ ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಸಾಗಿಸಿದೆ. ತಲೆಗೆ ಪೆಟ್ಟಾಗಿತ್ತು, ಎಚ್ಚರವಾದ ಮೇಲೆ ಮನೆಯಿಂದ ಹೊರಟದ್ದು ಬಿಟ್ಟರೆ ಆ ಬೆಳಗಿನ ಏನೂ ಅವನಿಗೆ ನೆನಪಿರಲಿಲ್ಲ. ಮರುದಿನ ಸಾಹೇಬರು ನನ್ನನ್ನು ಗಲ್ಲಾದ ಮುಂದೆ ಕರೆದು, ಹೇಗಾಯಿತು ಎಂದು ಕೇಳಿದರು.

“ನಾ ಬಲಕ್ಕ ಸರದೀನ್ರಿ ಸಾಹೇಬ್ರ. ಅಂವಾ ನೋಡ್ಲಿಲ್ಲ,” ಎಂದೆ.

ಅವರು ತಲೆಯಾಡಿಸಿದರು, ಇನ್ನೇನೂ ಕೇಳಲಿಲ್ಲ. ಮುರಿದ ತೊಡೆ ಕೂಡಲು ಏಳು ತಿಂಗಳು ಬೇಕಾಯಿತು. ಆಸ್ಪತ್ರೆಯ ಖರ್ಚು, ಊಟ, ರೂಮು ಎಲ್ಲವನ್ನೂ ಸಾಹೇಬರೇ ನೋಡಿಕೊಂಡರು. ಕಾಲು ಸರಿಯಾದ ಮೇಲೆ ಮಾತ್ರ ಸೈಕಲ್ ಕೊಡಲಿಲ್ಲ. ಅವನು ವಾದ ಮಾಡಲಿಲ್ಲ. ನೆನಪಿಲ್ಲದವನು ಏನೆಂದು ವಾದ ಮಾಡುತ್ತಾನೆ? ನನಗೇ ಹೇಳಿದ, ಮುಂದಿನವನ ಮೊಣಕೈ ನೋಡುವುದಕ್ಕೆ ಆಗದಿದ್ದರೆ ನಾನು ಎಂಥ ಸವಾರ ಮಾರಾಯ ಎಂದು. ನಾನು ಅವನ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನವರೆಗೆ ಹೋಗಿ ಬಂದೆ. ಅಬುಧಾಬಿಯಲ್ಲಿ ಅವನಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತ್ತು, ವೆಲ್ಡಿಂಗ್.

ಇನ್ನೊಂದು ಸಂಗತಿ ಉಂಟು. ನನ್ನ ಸೈಕಲಿನ ಹಿಂದಿನ ಚಕ್ರ. ಅವನ ಮುಂಚಕ್ರ ಬಡಿದದ್ದು ಅದಕ್ಕೆ. ಕಡ್ಡಿಗಳು ಒಂದು ಪಕ್ಕದಿಂದ ಒಳಕ್ಕೆ ಬಗ್ಗಿರಲೇಬೇಕು. ನಾನು ಬಲಕ್ಕೆ ಸರಿದಿದ್ದು, ಅವನು ನೋಡದೆ ಬಲಗಡೆಯಿಂದ ನುಗ್ಗಿದ್ದರೆ ಬಲಗಡೆಯ ಕಡ್ಡಿ ಬಗ್ಗಬೇಕು. ಅವನು ಸರಿಯಾಗಿ ಎಡದಿಂದ ಬರುತ್ತಿದ್ದು, ನಾನೇ ಅವನ ಮೇಲೆ ಹೋಗಿದ್ದರೆ ಎಡಗಡೆಯ ಕಡ್ಡಿ. ಇಷ್ಟು ತರ್ಕ ಗೊತ್ತಿದ್ದ ನಾನು ಆ ಚಕ್ರವನ್ನು ಶನಿವಾರ ಬೆಳಗ್ಗೆಯೇ ಗುಜರಿಯವನಿಗೆ ಕೊಟ್ಟೆ. ಸ್ಟೋರಿನ ಉಸ್ತುವಾರಿ ನನ್ನದೇ ಆದ್ದರಿಂದ ಯಾರೂ ಕೇಳಲಿಲ್ಲ. ಕೊಡುವ ಮೊದಲು ನೋಡಿದೆನೇ? ನೋಡದೆ ಹೇಗೆ ಕೊಟ್ಟೆ? ನೋಡಿದ್ದರೆ ಹೇಗೆ ಮರೆತೆ? ಈ ಪ್ರಶ್ನೆಗಳನ್ನು ನಾನು ಹೊಸದಾಗಿ ಕೇಳಿಕೊಳ್ಳುತ್ತಿಲ್ಲ. ಆ ವರ್ಷಗಳಲ್ಲಿ ಪ್ರತಿ ತಾಲೀಮಿನಲ್ಲೂ, ಮುಂದಿನಿಂದ ಸರಿಯುವ ಪ್ರತಿ ಸಲವೂ ಕೇಳಿಕೊಂಡಿದ್ದೇನೆ. ಸರಿಯುವ ಮೊದಲು ಬಲ, ಬಲ ಎಂದು ತುಟಿಯೊಳಗೆ ಹೇಳಿಕೊಳ್ಳುವ ಚಟ ಅಂಟಿತು. ಫಿಲಿಪ್ಪೀನಿನವನೊಬ್ಬ ನಾನು ಮಂತ್ರ ಹೇಳುತ್ತೇನೆ ಎಂದು ತಿಳಿದು, ತಾನೂ ಶಿಲುಬೆಯ ಗುರುತು ಮಾಡಿಕೊಳ್ಳತೊಡಗಿದ.

ನಾನು ಪರೀಕ್ಷೆಗಳನ್ನೂ ಮಾಡಿದೆ. ಅಲ್ ಅವೀರ್ ಕಡೆಯ ಖಾಲಿ ರಸ್ತೆಯಲ್ಲಿ ಒಬ್ಬನೇ ಹೋಗಿ, ಕಣ್ಣು ಕತ್ತಲೆ ಬರುವವರೆಗೆ ತುಳಿದು, ಆಮೇಲೆ ಯೋಚಿಸದೆ ಪಕ್ಕಕ್ಕೆ ಸರಿಯುವುದು. ಯಾವ ಪಕ್ಕ ಎಂದು ಮನೆಗೆ ಬಂದು ಬರೆದಿಡುವುದು. ಹತ್ತಕ್ಕೆ ಎಂಟು ಸಲ ಬಲ ಬರುತ್ತಿತ್ತು. ಸಮಾಧಾನವಾಗಬೇಕಿತ್ತು. ಆದರೆ ಗಮನಿಸುತ್ತಿರುವವನು ಯೋಚಿಸದೆ ಸರಿಯುವುದು ಹೇಗೆ? ಆ ಉಳಿದ ಎರಡು ಸಲವೇ ನಿಜವಾಗಿ ನಾನು ಗಮನ ತಪ್ಪಿದ ಸಲಗಳಲ್ಲವೇ? ಪುಸ್ತಕ ಹರಿದು ಹಾಕಿದೆ.

ಕಡೆಗೆ ಓದಿದ ಶಾಸ್ತ್ರ ನೆರವಿಗೆ ಬಂತು. ನ್ಯಾಯದರ್ಶನದ ನೈಯಾಯಿಕರು ಸ್ಮೃತಿಯನ್ನು ಪ್ರಮೆ, ಅಂದರೆ ನಂಬತಕ್ಕ ಜ್ಞಾನ, ಎಂದು ಒಪ್ಪುವುದಿಲ್ಲ. ನೆನಪು ಹಳೆಯ ಅನುಭವದ ನೆರಳೇ ಹೊರತು ಹೊಸ ಜ್ಞಾನವಲ್ಲ ಎನ್ನುತ್ತಾರೆ. ಧಾರವಾಡದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದನ್ನು ದುಬೈಯಲ್ಲಿ ಹಾಸಿಗೆ ಮಾಡಿಕೊಂಡು ಮಲಗಿದೆ. ನೆನಪೇ ಪ್ರಮಾಣವಲ್ಲದಿದ್ದಾಗ ತಪ್ಪೊಪ್ಪಿಗೆಗೆ ಯಾವ ಆಧಾರ? ಊದ್ ಮೇಥಾದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ನನ್ನ ಹೆಂಡತಿಗೆ ಒಂದು ಸಲ ಇದನ್ನೆಲ್ಲ ವಿವರಿಸಿದೆ. ಅವಳು ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, ಉತ್ತರ ಬರದ ಹುಡುಗರೂ ಹಿಂಗ ಪುಟಗಟ್ಟಲೆ ಬರೀತಾರ್ರಿ ಎಂದಳು.

ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ ಮಂಗಳೂರಿನವನ ಫೋನು ಬಂತು. ಅಷ್ಟು ವರ್ಷ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು. ಆ ದಿನಗಳಲ್ಲಿ ಎಲ್ಲರ ದನಿಯೂ ಸ್ವಲ್ಪ ಬೇರೆಯಾಗಿತ್ತು. ಇರಾಕಿನ ಮೇಲೆ ಯುದ್ಧ ಇಂದೋ ನಾಳೆಯೋ ಎಂಬ ಸ್ಥಿತಿ. ಊರಿಂದ ದಿನಾ ಫೋನು, ವಾಪಸ್ ಬರ್ರಿ ಎಂದು. ಅವನ ವರ್ಕ್‌ಶಾಪಿನ ಮಾಲೀಕ ಅಂಗಡಿ ಮುಚ್ಚಿ ತನ್ನ ದೇಶಕ್ಕೆ ಹೊರಟಿದ್ದ. ವೀಸಾ ರದ್ದಾದರೆ ತಿಂಗಳೊಳಗೆ ಇವನೂ ಹೊರಡಬೇಕು. ನಲವತ್ತು ವಯಸ್ಸು, ಊರಲ್ಲಿ ಇಬ್ಬರು ಮಕ್ಕಳ ಓದು. ಆದರೆ ಒಂದು ದಾರಿ ಇತ್ತು. ಅಬುಧಾಬಿಯ ಖಲೀಫಾ ಸಿಟಿ ಬಡಾವಣೆಯ ಕಡೆ ಒಂದು ಹೊಸ ಸೈಕಲ್ ಕ್ಲಬ್ಬು ತರಬೇತಿ ಕೊಡುವವನನ್ನು ಹುಡುಕುತ್ತಿತ್ತು. ಇವನು ಚಕ್ರ ಕಟ್ಟುವುದನ್ನೂ ಸವಾರಿ ಮಾಡುವುದನ್ನೂ ನೋಡಿ ಇಷ್ಟಪಟ್ಟಿದ್ದರು, ವೀಸಾ ಕೊಡಲು ತಯಾರಿದ್ದರು. ಹಿಂದೆ ಓಡಿಸಿದ ತಂಡದಿಂದ ಒಂದು ಕಾಗದ ತಾ ಎಂದಿದ್ದರು, ಅಷ್ಟೇ. ಸಾಹೇಬರ ಹತ್ತಿರ ಒಂದು ಮಾತು ಹೇಳು ಎಂದು ಕೇಳಿಕೊಂಡ.

ಹೇಳಿದೆ. ಸಾಹೇಬರು ಹಾಲು ಸಕ್ಕರೆ ಇಲ್ಲದ ಸುಲೈಮಾನಿ ಚಹಾ ಕುಡಿಯುತ್ತಿದ್ದರು. ಅವನು ಒಳ್ಳೆಯ ಮನುಷ್ಯ, ಚಕ್ರ ಕಟ್ಟುವುದಕ್ಕೆ ಬೇಕಾದರೆ ಹತ್ತು ಕಾಗದ ಕೊಡುತ್ತೇನೆ ಎಂದರು. ಆದರೆ ಸಾಲಿನಲ್ಲಿ ಮುಂದಿನವನನ್ನು ನೋಡದೆ ಬಿದ್ದವನು ಇನ್ನೊಬ್ಬರಿಗೆ ಸಾಲು ಕಲಿಸಲಿ ಎಂದು ನಾನು ಸಹಿ ಹಾಕುವುದು ಹೇಗೆ, ನಾಳೆ ಯಾರಾದರೂ ಸತ್ತರೆ ಎಂದು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಅದು ನಿಂತಿದ್ದದ್ದು ನನ್ನ ಒಂದು ವಾಕ್ಯದ ಮೇಲೆ.

ಮುಂದಿನ ಶುಕ್ರವಾರ ಎಲ್ಲ ಹೇಳಿಬಿಡುವುದೆಂದು ಅಬುಧಾಬಿಗೆ ಹೋದೆ. ಅವನು ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂದಿನ ಕೋಣೆಯನ್ನು ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದ. ಸುತ್ತ ಅರ್ಧ ಕಟ್ಟಿದ ಮನೆಗಳು, ಇಟ್ಟಿಗೆ, ಮರಳು. ನನಗಾಗಿ ಬೇಳೆಸಾರು ಮಾಡಿದ್ದ. ನಿನ್ನ ಜೋಳದ ರೊಟ್ಟಿ ಬಡಿಯುವುದು ಮಾತ್ರ ಈ ಜನ್ಮದಲ್ಲಿ ನನ್ನಿಂದಾಗದು ಎಂದು ನಗಾಡಿದ. ನಡೆಯುವಾಗ ಕಾಲು ಸ್ವಲ್ಪ ಎಳೆಯುತ್ತಿದ್ದ. ಸೈಕಲ್ ಮೇಲೆ ಅದು ಕಾಣುವುದಿಲ್ಲ ಎಂದು ಅವನೇ ಹೇಳಿದ.

ಸಾಹೇಬರು ಒಪ್ಪಲಿಲ್ಲ ಎಂದು ಹೇಳಿದೆ. ಅವನು ತಟ್ಟೆಯ ಅಂಚಿನಲ್ಲಿ ಖುಬ್ಬೂಸ್ ರೊಟ್ಟಿಯ ತುಂಡನ್ನು ಇಟ್ಟು, ಅವರು ಹೇಳಿದ್ದು ಸರಿಯೇ ಅಲ್ವಾ ಎಂದ. ಕ್ಲಬ್ಬಿನವರಿಗೆ ತಾನೇ ಆ ಕಥೆ ಹೇಳಿದ್ದನಂತೆ. ಮುಂದಿನವನ ಮೊಣಕೈಯಿಂದ ಕಣ್ಣು ತೆಗೆದರೆ ಏನಾಗುತ್ತದೆ ಎಂದು ತನ್ನ ತೊಡೆ ತೋರಿಸಿ ಹೇಳಿದರೆ ಕಲಿಯುವವರು ಮರೆಯುವುದಿಲ್ಲ ಎಂದನಂತೆ.

ನಾನು ಬಾಯಿ ತೆರೆದೆ. ಆ ಕೋಣೆಯಲ್ಲಿ ಇನ್ನೊಬ್ಬ ಮಲಗಿದ್ದ, ಅದೊಂದು ನೆಪ. ಹೇಳಬೇಕಾದದ್ದು ಏನು? ನಾನು ಎಡಕ್ಕೆ ಸರಿದೆ ಎಂದು ಹೇಳಿದರೆ ಅದು ಸುಳ್ಳಾಗಬಹುದು. ಬಲಕ್ಕೆ ಸರಿದೆ ಎಂದು ಆವತ್ತು ಹೇಳಿದ್ದು ನಿಜವೇ ಆಗಿರಬಹುದು, ಈಗ ಅಯ್ಯೋ ಪಾಪ ಎನಿಸಿ ನೆನಪು ಎಡಕ್ಕೆ ವಾಲುತ್ತಿರಬಹುದು. ಹೀಗೆ ಒಂದು ಗಂಟೆ ಯೋಚಿಸುತ್ತ, ಅವನ ಬೇಳೆಸಾರು ಎರಡು ಸಲ ಹಾಕಿಸಿಕೊಂಡು ತಿಂದೆ. ನಾಲ್ಕು ದಿನದಲ್ಲಿ ಕ್ಲಬ್ಬಿಗೆ ಉತ್ತರ ಕೊಡಬೇಕು ಎಂದ. ನೋಡೂಣು ಎಂದು ಎದ್ದು ಬಂದೆ. ಷೇರ್ ಟ್ಯಾಕ್ಸಿಯಲ್ಲಿ ವಾಪಸ್ ಬರುವಾಗ ಬಿದ್ದ ಜಾಗ ದಾಟಿತು, ಅಥವಾ ದಾಟಿರಬೇಕು. ರಸ್ತೆ ಅಗಲವಾಗಿ, ಬದಿಗೆ ಖರ್ಜೂರದ ಗಿಡ ನೆಟ್ಟು, ಗುರುತು ಸಿಗಲಿಲ್ಲ.

ಎರಡು ದಿನ ಸ್ಟೋರಿನ ಲೆಕ್ಕ ಬರೆಯುತ್ತ ಕೂತೆ. ಭಯ ಯಾವುದರ ಬಗ್ಗೆ ಎಂದು ವಿಂಗಡಿಸಲು ನೋಡಿದೆ. ಸಾಹೇಬರ ಕಾನೂನು ನನಗೂ ಅನ್ವಯಿಸುತ್ತದೆ ಎಂಬುದು ಒಂದು. ನಾನು ಸೈಕಲಿನಿಂದ ಇಳಿದರೆ ಸ್ಟೋರಿನಲ್ಲಿ ಇಡುತ್ತಾರೋ, ಟಿಕೆಟ್ ಕೈಗೆ ಕೊಡುತ್ತಾರೋ ಎಂಬುದು ಇನ್ನೊಂದು. ಮೂರನೆಯದೂ ಇತ್ತು. ಒಂಬತ್ತು ವರ್ಷ ಸಂಶಯವನ್ನು ಬುದ್ಧಿವಂತಿಕೆ ಎಂದುಕೊಂಡು ಸಾಕಿದ್ದೆ. ಅದು ಬರೀ ಹೇಡಿತನವಾಗಿದ್ದರೆ ಎಂಬುದು.

ಮೂರನೇ ದಿನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಗಲ್ಲಾದ ಮುಂದೆ ನಿಂತೆ.

“ಸಾಹೇಬ್ರ, ಆವತ್ತ ನಾ ಎಡಕ್ಕ ಸರದಿರಬಹುದ್ರಿ.”

ಯಾವತ್ತು ಎಂದು ಅವರು ಕೇಳಲಿಲ್ಲ. “ಸರಿದಿರಬಹುದು ಅಂದ್ರೆ ಎಂತ ಮಾಸ್ಟ್ರೆ? ಸರಿದಿರೋ, ಇಲ್ವೋ?”

“ನೆನಪಿಲ್ರಿ.”

“ಆವತ್ತು ಇಲ್ಲಿಯೇ ನಿಂತು ಬಲಕ್ಕೆ ಅಂದ್ರಿ. ಆಗ ನೆನಪಿತ್ತಾ?”

“ಆಗೂ ಇರ್ಲಿಲ್ರಿ.”

ನಾನು ಎಲ್ಲ ಹೇಳಿದೆ. ಊರಿನ ಅಭ್ಯಾಸ, ಜ್ವರ, ಮರಳು, ನನ್ನ ಪರೀಕ್ಷೆಗಳು. ಸ್ಮೃತಿ ಪ್ರಮಾಣವಲ್ಲ ಎಂಬುದನ್ನೂ ಹೇಳಿದೆನೆಂದು ಕಾಣುತ್ತದೆ, ಈಗ ನಾಚಿಕೆಯಾಗುತ್ತದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಆ ಹಿಂದಿನ ಚಕ್ರ ಏನಾಯಿತು ಎಂದು ಕೇಳಿದರು. ಅರವತ್ತು ವರ್ಷ ಸೈಕಲಿನ ನಡುವೆ ಬದುಕಿದವರಿಗೆ ಬಗ್ಗಿದ ಕಡ್ಡಿ ಏನು ಹೇಳುತ್ತದೆ ಎಂದು ಗೊತ್ತಿಲ್ಲವೇ? ಗುಜರಿಗೆ ಕೊಟ್ಟೆ ಎಂದೆ. ಯಾರು ಹೇಳಿದರು ಎಂದರು. ಯಾರೂ ಹೇಳಲಿಲ್ಲ ಎಂದೆ.

“ನೆನಪಿಲ್ಲದವ ಮರುದಿನವೇ ಚಕ್ರ ಬಿಸಾಡುವುದಿಲ್ಲ ಮಾಸ್ಟ್ರೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅದು ಶಾಸ್ತ್ರ ಹೇಳುವ ಅನುಮಾನ ಪ್ರಮಾಣ, ಹೊಗೆ ಕಂಡು ಬೆಂಕಿ ಎನ್ನುವ ಹಾಗೆ. ಪುಸ್ತಕ ಓದದ ಅವರು ಅದನ್ನು ನನಗಿಂತ ಚೆನ್ನಾಗಿ ಬಳಸಿದರು.

ಅಂಗಡಿಯ ಹೆಸರು ಅಚ್ಚಾದ ಕಾಗದ ಕೊಟ್ಟು, ನೀವೇ ಬರೆಯಿರಿ, ನಾನು ಸಹಿ ಹಾಕುತ್ತೇನೆ ಎಂದರು. ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಮೊದಲ ಸಲ, ಅಪಘಾತದ ಕಾರಣ ಖಚಿತವಾಗಿಲ್ಲ ಎಂದು ಬರೆದೆ. ಅವರು ಓದಿ ಮಡಚಿ ಬುಟ್ಟಿಗೆ ಹಾಕಿದರು. ಎರಡನೆಯ ಸಲ, ಮುಂದಿದ್ದ ಸವಾರನದೂ ತಪ್ಪಿರುವ ಸಾಧ್ಯತೆಯಿದೆ ಎಂದೆ. ಅದೂ ಬುಟ್ಟಿಗೆ ಹೋಯಿತು. ಇದನ್ನು ಓದಿದವ ಅವನಿಗೆ ಕೆಲಸ ಕೊಡ್ತಾನಾ, ಅಷ್ಟು ಹೇಳಿ ಎಂದರು. ಮೂರನೆಯದರಲ್ಲಿ ಹೀಗೆ ಬರೆದೆ: ಮುಂದೆ ಇದ್ದವನು ನಾನು, ಸರಿಯಬೇಕಾದ ಬಲ ಬಿಟ್ಟು ಎಡಕ್ಕೆ ಸರಿದೆ, ಹಿಂದಿನವನು ಸರಿಯಾದ ಸಾಲಿನಲ್ಲಿದ್ದ, ತಪ್ಪು ನನ್ನದು. ಕೆಳಗೆ ನನ್ನ ಸಹಿ, ಅದರ ಕೆಳಗೆ ಅವರದು, ಮೇಲೆ ಅಂಗಡಿಯ ಮೊಹರು. ಖಾತ್ರಿಯಿಲ್ಲದ ಒಂದು ವಾಕ್ಯವನ್ನು ಖಾತ್ರಿಯೆಂದು ನಾನು ಕೊಟ್ಟದ್ದು ಅದು ಎರಡನೇ ಸಲ. ಮೊದಲನೆಯ ಸಲ ಬಾಯಲ್ಲಿ ಹೇಳಿದ್ದೆ, ಸುಲಭವಾಗಿತ್ತು. ಈ ಸಲ ತಾರೀಖನ್ನು ಎರಡು ಸಲ ತಿದ್ದಬೇಕಾಯಿತು.

ಕಾಗದವನ್ನು ಅವರೇ ಫ್ಯಾಕ್ಸ್ ಯಂತ್ರಕ್ಕೆ ಕೊಟ್ಟು, ಅದು ಪೂರ್ತಿ ಹೊರಬರುವವರೆಗೆ ಪಕ್ಕದಲ್ಲೇ ನಿಂತರು.

“ಖಲಾಸ್. ಇನ್ನು ಸ್ಟೋರಲ್ಲಿ ಕೂತ್ಕೊಳ್ಳಿ. ವೀಸಾದಲ್ಲಿ ಉಂಟಲ್ಲ ಅದೇ ಕೆಲಸ,” ಎಂದರು.

ಅವತ್ತು ಸಂಜೆ ನನ್ನ ಸೈಕಲ್ಲನ್ನು ಒರೆಸಿ ಗೋಡೆಗೆ ನೇತುಹಾಕಿದೆ. ಸೀಸನ್ನಿನ ಎರಡು ರೇಸು ಉಳಿದಿದ್ದವು. ಒಬ್ಬ ಕೇರಳದವನು ನನ್ನ ಅಂಗಿ ಹಾಕಿಕೊಂಡು ಓಡಿಸಿದ. ವಯಸ್ಸಾಯಿತು, ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ. ಸಾಹೇಬರು ಯಾರಿಗೂ ಬೇರೆ ಕಾರಣ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಟಿವಿಯಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುವುದನ್ನು ತೋರಿಸುತ್ತಿದ್ದ ವಾರ, ಮಂಗಳೂರಿನವನು ಮನೆಗೆ ಫೋನು ಮಾಡಿದ. ಆ ಹದಿನೈದು ದಿನ ನಾನಾಗಿ ಫೋನು ಮಾಡುವ ಧೈರ್ಯ ನನಗೆ ಬಂದಿರಲಿಲ್ಲ. ಕೆಲಸ ಸಿಕ್ಕಿತು, ವೀಸಾ ಬಂತು, ನಿನ್ನೆಯಿಂದ ಶುರು ಎಂದ. ದನಿಯಲ್ಲಿ ಸಂತೋಷವಿತ್ತೋ ಇಲ್ಲವೋ ತಿಳಿಯಲಿಲ್ಲ.

“ಕ್ಲಬ್ಬಿನವರು ಕಾಗದ ತೋರಿಸಿದ್ರು. ಅದು ನೀನೇ ಬರ್ದದ್ದಾ?” ಎಂದ.

“ಹೌದು.”

“ಎಡಕ್ಕೆ ಸರಿದದ್ದು ನಿಜವಾ?”

“ನಂಗ ಖಾತ್ರಿ ಇಲ್ಲೋ. ಇರಬಹುದು.”

ಫೋನಿನ ಆಚೆ ಯಾರೋ ಚಕ್ರ ತಿರುಗಿಸುತ್ತಿರುವ ಟಕಟಕ ಸದ್ದು ಕೇಳುತ್ತಿತ್ತು.

“ಅದು ಬಿಡು. ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆವತ್ತು ನಾನು ಆಸ್ಪತ್ರೆಯಲ್ಲಿ ಇರುವಾಗ ಸಾಹೇಬ್ರಿಗೆ ಹೇಳಿದಿಯಲ್ಲ, ಬಲಕ್ಕೆ ಅಂತ. ಆಗ ಖಾತ್ರಿ ಇತ್ತಾ?”

ಈ ಪ್ರಶ್ನೆಗೆ ಸಂಶಯ ಪಡಲು ಏನೂ ಇರಲಿಲ್ಲ. ಗಲ್ಲಾದ ಮುಂದೆ ನಿಂತದ್ದು, ಬಾಯಿ ತೆರೆಯುವ ಮೊದಲು ಒಂದು ಕ್ಷಣ ತಡೆದದ್ದು, ನನಗೆ ಗೊತ್ತಿಲ್ಲ ಎಂಬುದು ಆಗಲೇ ಗೊತ್ತಿದ್ದದ್ದು, ಎಲ್ಲವೂ ಸ್ಪಷ್ಟವಾಗಿತ್ತು.

“ಇರ್ಲಿಲ್ಲ,” ಎಂದೆ.

“ಅಷ್ಟು ಹೇಳ್ಲಿಕ್ಕೆ ನಿನಗೆ ಒಂಬತ್ತು ವರ್ಷ ಬೇಕಾಯ್ತು ಮಾರಾಯ.”

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವನು ಬೈಯಲಿಲ್ಲ. ಸವಾರರು ಕಾಯುತ್ತಿದ್ದಾರೆ, ಬಿಸಿಲು ಏರುವ ಮೊದಲು ಹೊರಡಬೇಕು ಎಂದು ಹೇಳಿ ಫೋನಿಟ್ಟ. ಆ ವರ್ಷದ ಹಬ್ಬಕ್ಕೂ, ಮುಂದಿನ ವರ್ಷದ ಹಬ್ಬಕ್ಕೂ ಅವನ ಫೋನು ಬರಲಿಲ್ಲ.

ಅವತ್ತು ರಿಸೀವರು ಕೆಳಗಿಟ್ಟಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನಂದ್ರು ಎಂದು ಕೇಳಿದಳು. ಕೆಲಸ ಸಿಕ್ಕೈತಂತ ಎಂದೆ. ಅವಳು ಇನ್ನೂ ಏನೋ ಇದೆ ಎನ್ನುವ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ನಾನು ಟಿವಿಯ ಕಡೆ ನೋಡುತ್ತ ಕೂತೆ.